ಒಮ್ಮೆ ಹೋಗಿ ಎದ್ದು ಬಂದೆ, ಮತ್ತೆ ಹೋಗಲೇ? – ಓದುಗರ ಸ್ಪಂದನ

"ಬೆಳಗಾದರೆ ಕೈ ನಡುಗುತ್ತದೆ, ಎರಡು ಪೆಗ್ ಹಾಕಿದ ಮೇಲೇ ನಿಲ್ಲುವುದು. ಕುಡಿತ ಬಿಡಬೇಕು ಅನ್ನುವವರ ಗುಂಪು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್), ಅದರ ಮೀಟಿಂಗಿಗೆ ಒಮ್ಮೆ ಹೋದೆ. ದೇವರು, ಪ್ರಾರ್ಥನೆ ಅಂತ ಶುರುವಾದಾಗ ಎದ್ದು ಬಂದುಬಿಟ್ಟೆ. ಹೆಂಡತಿ ಮತ್ತೆ ಹೋಗಿ ಅನ್ನುತ್ತಾಳೆ. ಏನು ಮಾಡಲಿ?" ಎಂದು ಕೇಳಿದ್ದ ಓದುಗರಿಗೆ ಬಂದ ಉತ್ತರಗಳಲ್ಲಿ ಕೆಲವು:

ದೇವರ ವಿಚಾರ ಆಮೇಲೆ, ಮೊದಲು ಆ ಕೈ ನಡುಕ. ಕುಡಿದರಷ್ಟೇ ನಿಲ್ಲುವ ನಡುಕ ಅಂದರೆ ಮೈ ಮದ್ಯಕ್ಕೆ ಒಗ್ಗಿಹೋಗಿದೆ. ಇಂಥವರು ಆಣೆ ಮಾಡಿ ಒಂದೇ ಏಟಿಗೆ ಬಿಟ್ಟರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಹೊತ್ತು ಗೊತ್ತು ತಿಳಿಯದೆ ಬಡಬಡಿಸುವುದು ಶುರುವಾದರೆ ಜೀವಕ್ಕೇ ಅಪಾಯ. ಹಾಗಾಗಿ ಬಿಡುವ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೆ ಯಾವ ಮದ್ಯ ಎಷ್ಟು ಎಂ.ಎಲ್., ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ – ಮುಚ್ಚಿಡದೆ ಹೇಳಿ. ನಾಚಿಕೆಗೆ ಅರ್ಧ ಲೆಕ್ಕ ಹೇಳಿದರೆ ಡೋಸ್ ಸಾಲುವುದಿಲ್ಲ. ನಡುಕ ನಿಲ್ಲದೆ ಕೈ ಮತ್ತೆ ಬಾಟಲಿಗೇ ಹೋಗುತ್ತದೆ. ಸಾಮಾನ್ಯವಾಗಿ ನಡುಕ, ಫಿಟ್ಸ್ ತಡೆಯುವ ಡಯಾಜೆಪಾಮ್ ಗುಂಪಿನ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಸುಮಾರು ಒಂದು ವಾರ ಕೊಡುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ನಿಶ್ಶಕ್ತಿ ಅಂತ ಎಲ್ಲೋ ಹೋಗಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳಬೇಡಿ. ಥಯಾಮಿನ್ ಬತ್ತಿರುವ ಮೈಗೆ ಅದೊಂದೇ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು.
– ವ್ಯಸನ ಚಿಕಿತ್ಸಾ ವಿಭಾಗದ ನರ್ಸ್

ಒಂದು ಮೀಟಿಂಗ್ ನೋಡಿ ಎ.ಎ. ಅಂದರೆ ಹೀಗೇ ಎಂದು ತೀರ್ಮಾನಿಸಬೇಡಿ ಸರ್. ಒಂದೊಂದು ಗುಂಪಿಗೆ ಒಂದೊಂದು ಗುಣ. ಕನಿಷ್ಠ ಮೂರು ಗುಂಪುಗಳನ್ನು, ಒಂದೊಂದನ್ನೂ ಎರಡೆರಡು ಸಲ ನೋಡಿ. ಎ.ಎ. ವೆಬ್‌ಸೈಟಿನಲ್ಲಿ ಮೀಟಿಂಗ್ ಪಟ್ಟಿ, ಸಹಾಯವಾಣಿ ನಂಬರ್ ಎರಡೂ ಸಿಗುತ್ತವೆ. ಪಟ್ಟಿ ಹಳತಾಗಿರುವುದುಂಟು, ಆದ್ದರಿಂದ ಹೊರಡುವ ಮೊದಲು ಒಂದು ಫೋನ್ ಮಾಡಿ. 'ಓಪನ್' ಮೀಟಿಂಗಿಗೆ ಹೆಂಡತಿಯನ್ನೂ ಕರೆದೊಯ್ಯಬಹುದು. 'ಕ್ಲೋಸ್ಡ್' ಆದರೆ ಕುಡಿತ ಬಿಡಬೇಕು ಅನ್ನುವವರಿಗಷ್ಟೇ. ಹಾಗೆ ಅನ್ನಿಸಿದರೆ ಸಾಕು, ಸದಸ್ಯರಾಗಲು ಬೇರೆ ಷರತ್ತಿಲ್ಲ. ಫೀ ಇಲ್ಲ. ಕಾಣಿಕೆಯ ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬಂದರೆ ಹೊಸಬರು ಹಾಗೇ ಪಕ್ಕದವರಿಗೆ ದಾಟಿಸಿದರಾಯಿತು.

ಮೀಟಿಂಗ್ ಒಂದು, ಒಂದೂವರೆ ಗಂಟೆ ನಡೆಯುತ್ತದೆ. ನಿಮ್ಮ ಸರದಿ ಬಂದಾಗ "ಇವತ್ತು ಕೇಳಿಸಿಕೊಳ್ಳೋಕೆ ಬಂದಿದ್ದೀನಿ" ಅಂದರೆ ಮುಂದಿನವರಿಗೆ ಹೋಗುತ್ತದೆ, ಯಾರೂ ಕೆದಕುವುದಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಉಪದೇಶ ಮಾಡುವ ರೂಢಿಯೂ ಇಲ್ಲ. ಹೊಸಬರು ಎಡವುವುದು ಬೇರೆ ಕಡೆ: ತಡವಾಗಿ ಬಂದು ಬಾಗಿಲ ಪಕ್ಕ ಕೂತು, ಮುಗಿಯುವ ಮೊದಲೇ ಜಾಗ ಖಾಲಿ ಮಾಡುತ್ತಾರೆ. ನಿಜವಾದ ಕೆಲಸ ಆಗುವುದು ಮೀಟಿಂಗಿನ ಹಿಂದು ಮುಂದಿನ ಹತ್ತು ನಿಮಿಷದಲ್ಲಿ, ಕುರ್ಚಿ ಜೋಡಿಸುವಾಗ, ಟೀ ಕುಡಿಯುವಾಗ. ಮೂರು ನಾಲ್ಕು ಫೋನ್ ನಂಬರ್ ತೆಗೆದುಕೊಳ್ಳದೆ ಮನೆಗೆ ಹೋಗಬೇಡಿ. ಕುಡಿಯಬೇಕು ಅನ್ನಿಸಿದ ಮೇಲೆ ಫೋನ್ ಮಾಡಲು ಹೊಸಬರಿಗೆ ಸಂಕೋಚವಾಗುತ್ತದೆ. ಅದಕ್ಕೇ ಏನೂ ಆಗದ ದಿನ ಸುಮ್ಮನೆ ಒಂದು ಕರೆ ಮಾಡಿ ರೂಢಿ ಮಾಡಿಕೊಂಡಿರಿ.

ಸ್ಪಾನ್ಸರ್ ಅಂದರೆ ಹೊಸಬರ ಕೈ ಹಿಡಿದು ನಡೆಸುವ ಹಳೆಯ ಸದಸ್ಯ. ಅದಕ್ಕೆ ನಿಮ್ಮಂತೆಯೇ ಗಂಡಸರನ್ನು, ಕನಿಷ್ಠ ವರ್ಷದಿಂದ ಕುಡಿಯದೆ ಇರುವವರನ್ನು ಕೇಳಿ. ಸದ್ಯಕ್ಕೆ ತಾತ್ಕಾಲಿಕ ಅಂತ ಕೇಳಿದರೂ ನಡೆಯುತ್ತದೆ. ಆದರೆ ಅವರು ಡಾಕ್ಟರಲ್ಲ. 'ಇಲ್ಲಿಗೆ ಬಂದ ಮೇಲೆ ಮಾತ್ರೆ ಯಾಕೆ' ಅನ್ನುವ ಅತಿಬುದ್ಧಿವಂತರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಸದಸ್ಯರು ವೈದ್ಯರ ಕೆಲಸಕ್ಕೆ ಕೈ ಹಾಕಬಾರದು ಎಂದು ಎ.ಎ. ತಾನೇ ಹೇಳುತ್ತದೆ.

ಇನ್ನು ದೇವರು. ಕುಡಿತ ಬಿಡಲು ಎ.ಎ. ತೋರಿಸುವ ದಾರಿಯ 12 ಹೆಜ್ಜೆಗಳಲ್ಲಿ ಮೂರನೆಯದು ಹೇಳುವುದು 'ನಾವು ಅರಿತ ರೀತಿಯ' ದೇವರ ಬಗ್ಗೆ. ಎಷ್ಟೋ ಜನ ನಾಸ್ತಿಕರು ತಮಗಿಂತ ದೊಡ್ಡ ಶಕ್ತಿ ಅಂದರೆ ಈ ಗುಂಪೇ ಎಂದುಕೊಂಡು ಮುಂದುವರಿಯುತ್ತಾರೆ. ಪ್ರಾರ್ಥನೆ ಹೊತ್ತಲ್ಲಿ ಸುಮ್ಮನೆ ನಿಂತಿದ್ದರೆ ಯಾರ ತಕರಾರೂ ಇಲ್ಲ.
– ಹಳೆಯ ಸದಸ್ಯ, ಹೆಸರು ಬೇಡ

ಅಷ್ಟಾದರೂ ದೇವರು ಗಂಟಲಲ್ಲಿ ಇಳಿಯದಿದ್ದರೆ ಸ್ಮಾರ್ಟ್ ರಿಕವರಿ ಎಂಬ ಗುಂಪುಗಳಿವೆ, 1994ರಿಂದ ನಡೆಯುತ್ತಿವೆ. ಅಲ್ಲಿ ಹೆಜ್ಜೆಗಳಿಲ್ಲ, ದೇವರಿಲ್ಲ. ಕುಡಿಯುವ ತವಕ ಬಂದಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಬರೆದು ಬಿಡಿಸುವ ಅಭ್ಯಾಸಗಳಿವೆ. ಹತ್ತಿರದಲ್ಲಿ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಸಿಗುತ್ತದೆ. ಹಾಗಂತ ಎ.ಎ.ಯನ್ನು ಬರೀ ಭಜನೆ ಎಂದು ತಳ್ಳಿಹಾಕಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ವ್ಯವಸ್ಥಿತವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆ ಪೂರ್ತಿ ಕುಡಿತ ಬಿಡಿಸುವುದರಲ್ಲಿ ಉಳಿದ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿತ್ತು.

ಯಾವ ಗುಂಪಾದರೂ ಸರಿ, ನೀವು ಕುಡಿಯಲು ಕೂರುತ್ತಿದ್ದ ಹೊತ್ತಿನ ಮೀಟಿಂಗನ್ನೇ ಆರಿಸಿಕೊಳ್ಳಿ. ಹೊಟ್ಟೆಗೆ ಹಾಕಿಕೊಂಡು ಹೋಗಿ, ಹಸಿವು ಕುಡಿಯುವ ಆಸೆಯನ್ನು ಕೆರಳಿಸುತ್ತದೆ. ನಡುವೆ ಜಾರಿ ಕುಡಿದರೆ ಮಾರನೇ ದಿನವೇ ಹೋಗಿ ಹೇಳಿಬಿಡಿ. ಮುಖ ತೋರಿಸುವುದು ಹೇಗೆ ಎಂದು ಒಂದು ವಾರ ತಪ್ಪಿಸಿಕೊಂಡವರು ತಿಂಗಳಾದರೂ ಹಿಂದಿರುಗುವುದಿಲ್ಲ.
– ಆಪ್ತ ಸಮಾಲೋಚಕಿ

ಇದು ನಿಮ್ಮ ಮನೆಯವರಿಗೆ. ಅಕ್ಕಾ, ಕುಡಿತ ಬಿಡಿಸುವ ಮಾತ್ರೆ ಅಂತ ಡೈಸಲ್ಫಿರಾಮ್ ಅನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸಲು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ನಿಮ್ಮವರು ಕುಡಿದು ಕೆಲಸಕ್ಕೆ ಹೋಗದ ದಿನ ಅವರ ಆಫೀಸಿಗೆ ಫೋನ್ ಮಾಡಿ 'ಜ್ವರ' ಅನ್ನುವುದನ್ನೂ ನಿಲ್ಲಿಸಿ. ಕುಟುಂಬದವರಿಗೆಂದೇ ಅಲ್-ಅನಾನ್ ಇದೆ, 1951ರಿಂದ. ಅವರು ಮತ್ತೆ ಮೀಟಿಂಗಿಗೆ ಹೋಗಲಿ ಎಂದು ಕಾಯದೆ ನೀವು ಈ ವಾರವೇ ಹೋಗಬಹುದು.
– ಅಲ್-ಅನಾನ್ ಸದಸ್ಯೆ