ಅಕ್ವೇರಿಯಂ ಮೀನನ್ನು ಉಣಕಲ್ ಕೆರೆಗೆ ಬಿಡಬಹುದಾ ಸರ್?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಸರ್. ಯಜಮಾನರಿಗೆ ಪುಣೆಗೆ ವರ್ಗ ಆಗಿದೆ. ಮಗನ ಟ್ಯಾಂಕಿನಲ್ಲಿ ಎರಡು ಗೋಲ್ಡ್‌ಫಿಶ್, ಒಂದಿಷ್ಟು ಗಪ್ಪಿ, ಮತ್ತೆ ಗಾಜು ನೆಕ್ಕೋ ಕಪ್ಪು ಮೀನು ಒಂದಿದೆ. ತಂದಾಗ ಬೆರಳುದ್ದ ಇತ್ತು, ಈಗ ಒಂದಡಿ ಆಗಿದೆ. "ಉಣಕಲ್ ಕೆರೆಗೆ ಬಿಟ್ಟು ಬಾ, ಪುಣ್ಯ ಬರ್ತದ" ಅಂತಾರೆ ನಮ್ಮ ಅತ್ತೆ. ಬಿಡಬಹುದಾ?

ಉತ್ತರ: ಬೇಡ್ರಿ ಅಕ್ಕಾ. ಆ ಕಪ್ಪು ಮೀನನ್ನಂತೂ ಬೇಡವೇ ಬೇಡ. ಅಂಗಡಿಯವರು ಅದನ್ನು ಸಕ್ಕರ್ ಅಂತ ಮಾರುತ್ತಾರೆ, ಅದರ ತವರು ದಕ್ಷಿಣ ಅಮೆರಿಕ. ಒಮ್ಮೆ ಮೈ ಮುಟ್ಟಿ ನೋಡಿ. ಕೈಗೆ ಸಿಗೋದು ಎಲುಬಿನ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ನಮ್ಮ ಕೆರೆಯ ಹಕ್ಕಿಗೂ ಮೀನಿಗೂ ಅದು ಸುಲಭದ ತುತ್ತಲ್ಲ. ನೀರು ಕೆಟ್ಟು ಬೇರೆ ಮೀನು ಸಾಯುವಾಗ ಇದು ಮೇಲೆ ಬಂದು ಗಾಳಿ ನುಂಗುತ್ತೆ, ಹೊಟ್ಟೆಯಿಂದಲೇ ಉಸಿರಾಡಿ ಬದುಕುತ್ತೆ. ಮೊಟ್ಟೆಗಾಗಿ ಗಂಡು ಮೀನು ದಂಡೆಯಲ್ಲಿ ಬಿಲ ಕೊರೆಯುತ್ತೆ. ನಮ್ಮ ಕೆರೆಗಳ ಏರಿ ಮಣ್ಣಿನದ್ದು ಅಲ್ವಾ? ಇನ್ನು ಬಲೆಗೆ ಬಿದ್ದರೆ ಮುಳ್ಳು ಸಿಕ್ಕಿಕೊಂಡು, ಬಿಡಿಸೋಕೆ ಬಲೆಯನ್ನೇ ಕತ್ತರಿಸಬೇಕು. 2020ರಲ್ಲಿ ವಾರಾಣಸಿಯ ಗಂಗೆಯಲ್ಲೂ ಸಿಕ್ಕಿ ಸುದ್ದಿಯಾಗಿತ್ತು. ಅಲ್ಲಿಗೆ ಅದು ಅಮೆಜಾನಿನಿಂದ ಈಜಿಕೊಂಡು ಬಂದಿಲ್ಲ!

ಉಣಕಲ್‌ನಲ್ಲಿ ಅಂತರಗಂಗೆ ತೆಗೆಸಿ ತೆಗೆಸಿ ಸಾಕಾಗಿರೋದು ಗೊತ್ತಲ್ಲ. ಆ ಗಿಡವನ್ನೂ ಹೂ ಚೆಂದ ಅಂತಲೇ ದಕ್ಷಿಣ ಅಮೆರಿಕದಿಂದ ನಮ್ಮ ದೇಶಕ್ಕೆ ತಂದಿದ್ದರು.

ಪ್ರಶ್ನೆ (ಗದಗ): ಗೋಲ್ಡ್‌ಫಿಶ್ ಪಾಪದ್ದು ಸರ್. ಎರಡೇ ದಿನಕ್ಕೆ ಕೊಕ್ಕರೆ ತಿಂದು ಹೋಗುತ್ತೆ. ನಾನು ಹಿಂದೆ ಭೀಷ್ಮ ಕೆರೆಗೆ ಬಿಟ್ಟಿದ್ದೆ.

ಉತ್ತರ: ತಿಂದರೆ ಮುಗೀತು. ತಿನ್ನದಿದ್ದರೆ? ಜಾಗ ಸಿಕ್ಕರೆ ಗೋಲ್ಡ್‌ಫಿಶ್ ಅಡಿಯುದ್ದವೂ ಬೆಳೆಯುತ್ತೆ. ತಳದ ಕೆಸರು ಕೆದಕಿ ನೀರು ಕದಡುತ್ತೆ. ನನಗೆ ಅದಕ್ಕಿಂತ ಜಾಸ್ತಿ ಭಯ ರೋಗದ್ದು. ಗೋಲ್ಡ್‌ಫಿಶ್ ಅಂದರೆ ಕೆರೆಯಲ್ಲಿ ಸಾಕೋ ಕಾಟ್ಲಾ, ರೋಹು ಜಾತಿಗೆ ಹತ್ತಿರದ ನೆಂಟ, ಅದರ ರೋಗ ಅವಕ್ಕೂ ಅಂಟಬಹುದು. ಅದರ ಮೈಗೆ ದಾರದ ತುಂಡಿನಂತೆ ನೇತಾಡೋ ಹುಳ ನೋಡಿರಬಹುದು. ಮೀನನ್ನು ಕೊಕ್ಕರೆ ತಿಂದರೂ ಹುಳದ ಮರಿ ನೀರಲ್ಲೇ ಉಳಿದಿರಬಹುದು. ಆಮೇಲೆ ಕೆರೆ ಗುತ್ತಿಗೆ ಹಿಡಿದವನ ಗತಿ ಏನು?

ಪ್ರಶ್ನೆ (ಹಾವೇರಿ): ಸೊಳ್ಳೆಗೆ ಅಂತ ಗಪ್ಪಿಯನ್ನು ಸರ್ಕಾರದವರೇ ಬಿಡ್ತಾರಲ್ಲ?

ಉತ್ತರ: ಹೌದು, ಬ್ರಿಟಿಷರ ಕಾಲದಿಂದಲೂ ಬಿಡ್ತಿದ್ದಾರೆ. ಮುಚ್ಚಿದ ತೊಟ್ಟಿ, ಪಾಳು ಬಾವಿ ಬೇರೆ, ಕೆರೆ ಬೇರೆ. ಕೆರೆಯಲ್ಲಿ ಸೊಳ್ಳೆಮರಿ ತಿನ್ನೋ ನಮ್ಮದೇ ಸಣ್ಣ ಮೀನುಗಳಿವೆ, ಅವುಗಳ ಊಟಕ್ಕೆ ಗಪ್ಪಿ ಪಾಲು ಕೇಳುತ್ತೆ. ಅದು ಮೊಟ್ಟೆ ಇಡಲ್ಲ, ನೇರ ಮರಿ ಹಾಕುತ್ತೆ. ಹೊಟ್ಟೆಯಲ್ಲಿ ಮರಿ ಇರೋ ಒಂದು ಹೆಣ್ಣು ಸಾಕು ಸಂಸಾರ ಶುರುವಾಗೋಕೆ.

ಪ್ರಶ್ನೆ (ವಿದ್ಯಾನಗರ): ಹಾಗಾದ್ರೆ ಏನು ಮಾಡ್ಲಿ ಸರ್? ಸಕ್ಕರ್ ಬೇಡ ಅಂತ ಅಂಗಡಿಯವನೂ ಅಂದ.

ಉತ್ತರ: ಒಬ್ಬ ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ. ಟ್ಯಾಂಕ್, ಫಿಲ್ಟರ್ ಸಮೇತ ಪುಕ್ಕಟೆ ಅಂದರೆ ತಗೊಳ್ಳೋರು ಸಿಗ್ತಾರೆ. ಶಾಲೆ, ಆಸ್ಪತ್ರೆಯ ವೇಟಿಂಗ್ ಹಾಲ್‌ಗಳಲ್ಲೂ ವಿಚಾರಿಸಿ. ಈ ಗುಂಪಿನಲ್ಲೇ ಫೋಟೋ ಹಾಕಿ.

ಯಾರೂ ಸಿಗದಿದ್ದರೆ, ಕಡೆಯ ದಾರಿ ನೋವಿಲ್ಲದೆ ಕೊಲ್ಲೋದು. ಬರೆಯೋಕೆ ನನಗೂ ಕಷ್ಟವೇ. ಲವಂಗದ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಬೆಳ್ಳಗಾಗೋವರೆಗೆ ಕುಲುಕಬೇಕು. ಇಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತೆ. ಅದನ್ನು ಮೀನಿರೋ ಬಕೆಟ್‌ಗೆ ಹಾಕಿದರೆ ಮೀನಿಗೆ ಮಂಪರು ಬಂದು ಮಗ್ಗುಲಾಗುತ್ತೆ. ಸಕ್ಕರ್ ಬೇಗ ಸಾಯಲ್ಲ, ಕಿವಿರು ನಿಂತ ಮೇಲೂ ಅರ್ಧ ಗಂಟೆ ಬಿಡಬೇಕು. ನಿಮ್ಮ ಕೈಲಿ ಆಗಲ್ಲ ಅಂದರೆ ಪಶುವೈದ್ಯರನ್ನು ಕೇಳಿ. ಆಮೇಲೆ ಮಣ್ಣಲ್ಲಿ ಹೂಳಿ. ಜೀವಂತ ಮೀನನ್ನು ಕಮೋಡಿಗೆ ಹಾಕಿ ನೀರು ಬಿಡಬೇಡಿ.

ಟ್ಯಾಂಕಿನ ನೀರನ್ನು ಚರಂಡಿಗೆ ಚೆಲ್ಲಬೇಡಿ, ಹೂಕುಂಡಕ್ಕೆ ಹಾಕಿ, ಗುಲಾಬಿ ಚೆನ್ನಾಗಿ ಬರುತ್ತೆ. ನೀರಿನ ಗಿಡಗಳನ್ನು ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿ ಆಮೇಲೆ ಎಸೆಯಿರಿ. ಎಲೆಯ ಕೆಳಗೆ ಬಸವನಹುಳದ ಮೊಟ್ಟೆ ಅಂಟಿರುತ್ತೆ.

ವಿದ್ಯಾನಗರ: ಅತ್ತೆಗೆ ಓದಿ ಹೇಳಿದೆ ಸರ್. "ಹಂಗಾರ ನಮ್ಮ ಜೋಡಿ ಪುಣೆಗೇ ಬರಲಿ ತಗೋ" ಅಂದರು. ಒಂದಡಿ ಮೀನನ್ನು ರೈಲಿನಲ್ಲಿ ಹೇಗೆ ಒಯ್ಯೋದು, ಅದನ್ನೂ ಹೇಳಿಬಿಡಿ.