ಪದಚರ್ಚೆ: ಪಿಕಪ್ಪಿಗೆ ‘ಕಂಡಿಕೆ’ ಅನ್ನಬಹುದೇ? ಮೋಟರಿನ ‘ಗುಂಯ್’ ಎಷ್ಟು ಬಗೆ?

ಗೆಳೆಯರೇ, ನಮಸ್ಕಾರ.

ಮೂರು ಪದ ಕೇಳಬೇಕಿದೆ. ಹಿನ್ನೆಲೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಕಲಬುರಗಿಯವನು. ತತ್ವಪದ ಹಾಡುತ್ತಿದ್ದ ನಮ್ಮ ದೊಡ್ಡಪ್ಪನ ಏಕತಾರಿ ಈಗ ನನ್ನ ಹತ್ತಿರ ಇದೆ. ಅದರ ದಂಡಿಗೆಗೆ ಆಟಿಕೆ ಕಾರಿನ ಮೋಟರೊಂದನ್ನು ಕಟ್ಟಿ, ಮೋಟರಿಗೆ ಚರ್ಮದ ಸಣ್ಣ ತುಂಡು ಸಿಕ್ಕಿಸಿದ್ದೇನೆ. ಮೋಟರು ತಿರುಗಿದಾಗ ಆ ಚರ್ಮ ತಂತಿಗೆ ಸವರುತ್ತಾ ಹೋಗುತ್ತದೆ, ತಂತಿ ಬೆರಳಿಲ್ಲದೆ ನುಡಿಯುತ್ತಲೇ ಇರುತ್ತದೆ. ತಂತಿಯ ಕೆಳಗೆ ಗಿಟಾರಿನಲ್ಲಿರುವಂಥ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟು ಮಾಡುವ ಸಣ್ಣ ಭಾಗ), ಅಲ್ಲಿಂದ ಆಂಪ್ಲಿಫೈಯರು. ಒಂದು ದಿನ ಪಿಕಪ್ಪನ್ನು ತಂತಿಯಿಂದ ಬಿಡಿಸಿ ಸುಮ್ನೆ ಮೋಟರಿನ ಹತ್ತಿರ ಹಿಡಿದೆ. ಆವತ್ತು ಕೇಳಿದ ನಾದದಿಂದ ಇನ್ನೂ ಹೊರಗೆ ಬಂದಿಲ್ಲ. ಈ ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಪಿಯುಸಿ ಮಕ್ಕಳಿಗೆ ಇದನ್ನು ಮಾಡಿ ತೋರಿಸಬೇಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತಿದ್ದೇನೆ, ಪದಗಳು ಸಿಗುತ್ತಿಲ್ಲ.

ಮೊದಲು ಪಿಕಪ್. ಪಿಕಪ್ ಅಂತಲೇ ಬರೆದರೆ ಏನು ತೊಂದರೆ ಅನ್ನಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ನಮ್ಮ ಕಡೆ ಪಿಕಪ್ ಅಂದರೆ ಮೊದಲು ನೆನಪಾಗುವುದು ತೊಗರಿ ಚೀಲ ಹೇರುವ ಗಾಡಿ. ಇಲ್ಲಾ ಅಂದರೆ ಮೋಟರು ಶುರುವಾಗುವಾಗಿನ ಜೋರು. ಮೋಟರ್ ವೈಂಡಿಂಗ್ ಅಂಗಡಿಗೆ ಹೋಗಿ ‘ಅಣ್ಣಾ, ಒಂದು ಪಿಕಪ್ ಮಾಡಿಸಬೇಕಿತ್ತು’ ಅಂದಾಗ ಅವರು ‘ಕೂಲರಿಂದಾ? ಪಿಕಪ್ ಕಮ್ಮಿ ಆಗಿದ್ರ ಕಂಡೆನ್ಸರ್ ಹೋಗಿರ್ತದ, ಮೋಟರ್ ತಗೊಂಡ್ ಬರ್ರಿ’ ಅಂದರು. ಅವರು ಹೇಳಿದ್ದು ಅವರ ಅರ್ಥದಲ್ಲಿ ಪೂರ್ತಿ ಸರಿ. ಒಂದೇ ಕೆಲಸದ ಒಳಗೆ, ಮೋಟರಿನ ಪಕ್ಕದಲ್ಲೇ, ಒಂದೇ ಪದ ಎರಡು ಅರ್ಥ ಕೊಟ್ಟರೆ ಮಕ್ಕಳಿಗೆ ಗೊಂದಲ ಆಗುತ್ತದೆ.

‘ಧ್ವನಿಗ್ರಾಹಕ’ ಅಂತ ಒಬ್ಬರು ಸೂಚಿಸಿದರು. ಅದು ನನಗೆ ಒಪ್ಪಿಗೆ ಇಲ್ಲ. ಯಾಕೆಂದರೆ ಪಿಕಪ್ ಧ್ವನಿಯನ್ನು ಹಿಡಿಯುವುದೇ ಇಲ್ಲ. ಅದರ ಮುಂದೆ ಬಾಯಿಟ್ಟು ಹಾಡಿದರೂ ಸ್ಪೀಕರಿನಲ್ಲಿ ಏನೂ ಬರದು, ಅದು ಮೈಕಿನ ಕೆಲಸ. ಪಿಕಪ್ ಅಂದರೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ದಪ್ಪ ಇಲ್ಲದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು, ಅಷ್ಟೇ. ಹತ್ತಿರದ ಉಕ್ಕು ಅಲುಗಿದರೆ ಅಯಸ್ಕಾಂತದ ಬಲ ಹೆಚ್ಚುಕಡಿಮೆ ಆಗುತ್ತದೆ, ಆ ಬದಲಾವಣೆ ತಾಮ್ರದಲ್ಲಿ ಕರೆಂಟು ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಅದಕ್ಕೇ ತಂಬೂರಿಯ ಉಕ್ಕಿನ ತಂತಿ ಅದಕ್ಕೆ ಸಿಗುತ್ತದೆ, ಖರ್ಜದ (ತೀರ ಕೆಳಗಿನ ಸ್ವರದ) ಹಿತ್ತಾಳೆ ತಂತಿ ಎಷ್ಟು ಮೀಟಿದರೂ ಸಿಗುವುದಿಲ್ಲ. ‘ಧ್ವನಿ’ ಅಂತ ಹೆಸರಲ್ಲೇ ಹಾಕಿಬಿಟ್ಟರೆ ಮಗು ಮೊದಲ ಹೆಜ್ಜೆಯಲ್ಲೇ ತಪ್ಪು ತಿಳಿಯುತ್ತದೆ, ಅಲ್ವಾ?

ನಮ್ಮ ವಾದ್ಯಗಳ ಭಾಗಗಳಿಗೆ ಇರುವ ಹೆಸರು ನೋಡಿ. ಕುದುರೆ, ಕೊಡ, ಬಿರಡೆ. ಇದೇ ಕಲ್ಯಾಣದ ನೆಲದಲ್ಲಿ 12ನೇ ಶತಮಾನದಲ್ಲಿ ಬಸವಣ್ಣನವರು ತಮ್ಮ ಮೈಯನ್ನೇ ವಾದ್ಯ ಮಾಡು ಅಂತ ಬೇಡುವಾಗ ಬಳಸಿದ್ದು ದಂಡಿಗೆ, ಸೋರೆ, ತಂತಿ, ಕಡ್ಡಿ. ಎಲ್ಲಾ ಕಣ್ಣೆದುರಿನ ವಸ್ತುಗಳೇ. ಹಾಗಾದರೆ ತೆಳು ತಂತಿ ಸುತ್ತಿ ಸುತ್ತಿ ಮಾಡಿದ ಈ ವಸ್ತುವಿಗೆ ಕಣ್ಣೆದುರು ಏನಿದೆ? ನೇಕಾರರ ಮನೆಯಲ್ಲಿ ಮಗ್ಗದ ಲಾಳಿಗೆ ಹಾಕಲು ನೂಲು ಸುತ್ತುತ್ತಾರಲ್ಲ, ಆ ಕಂಡಿಕೆ. ನೂಲಿನ ಬದಲು ತಾಮ್ರ, ಕಡ್ಡಿಯ ಬದಲು ಅಯಸ್ಕಾಂತ. ‘ತಾಮ್ರದ ಕಂಡಿಕೆ’ ಅಥವಾ ಬರೀ ‘ಕಂಡಿಕೆ’. ಮಗ್ಗಗಳು ಕಮ್ಮಿಯಾಗಿವೆ, ಈಗಿನ ಮಕ್ಕಳಿಗೆ ಈ ಪದ ಗೊತ್ತಿದೆಯೋ ಅನ್ನುವುದೊಂದೇ ನನ್ನ ಅಳುಕು. ನಿಮ್ಮ ಊರಿನ ನೇಕಾರರು ಇದಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ಅದನ್ನೂ ತಿಳಿಸಿ.

ಎರಡನೆಯದು ನಾದದ ಹೆಸರು. ‘ಗುಂಯ್’ ಎಲ್ಲರಿಗೂ ಗೊತ್ತು. ವೈಂಡಿಂಗ್ ಅಂಗಡಿಯಲ್ಲಿ ‘ಗುಂಯ್ ಅಂತದ, ತಿರುಗವಲ್ದು’ ಅಂದರೆ ರೋಗವೂ ಅರ್ಥ ಆಗಿಬಿಡುತ್ತದೆ, ಕರೆಂಟು ಬರುತ್ತಿದೆ ಆದರೆ ಮೋಟರು ಜಾಮ್ ಆಗಿದೆ, ಇಲ್ಲಾ ಕಂಡೆನ್ಸರ್ ಹೋಗಿದೆ ಅಂತ. ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷಿನಲ್ಲಿ ಕಿಡಿ ಹಾರುವ ಸದ್ದಿಗೆ ಚರಚರ. ಆಟಿಕೆ ಮೋಟರು ಜೋರಾದಂತೆ ಏರುವುದು ಸುಂಯ್. ಇವೆಲ್ಲ ಸಿಕ್ಕವು. (ಆ ಸುಂಯ್‌ಗೆ ಲೆಕ್ಕವೂ ಇದೆ. ನಿಮಿಷಕ್ಕೆ 6000 ಸುತ್ತು ಅಂದರೆ ಸೆಕೆಂಡಿಗೆ 100. ಒಳಗೆ ಮೂರು ಕಾಯಿಲ್, ಎರಡು ಬ್ರಷ್ ಇರುವುದರಿಂದ ಒಂದು ಸುತ್ತಿಗೆ ಆರು ಸಲ ಕರೆಂಟು ಬದಲಾಗುತ್ತದೆ. ಕಂಡಿಕೆಯಲ್ಲಿ ಸೆಕೆಂಡಿಗೆ 600 ಮಿಡಿತ ಸಿಗುತ್ತದೆ.)

ಕಷ್ಟ ಇರುವುದು ಗುಂಯ್‌ನಲ್ಲೇ. ಟ್ರಾನ್ಸ್‌ಫಾರ್ಮರಿನ ಹತ್ತಿರ ನಿಂತು ಬರೀ ಕಿವಿಯಿಂದ ಕೇಳಿದರೆ ಸೆಕೆಂಡಿಗೆ 100 ಕಂಪನದ ನಾದ, ಹಾರ್ಮೋನಿಯಂನ ಬಿಳಿ ಐದಕ್ಕೆ (G ಸ್ವರಕ್ಕೆ) ಒಂಚೂರು ಮೇಲೆ. ಮನೆಯಲ್ಲಿ ಬ್ಯಾಟರಿ ಎಲಿಮಿನೇಟರಿನ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕಂಡಿಕೆ ಹಿಡಿದು ದೊಡ್ಡ ಸ್ಪೀಕರಿನಲ್ಲಿ ಕೇಳಿದರೆ ಬುಡದಲ್ಲಿ 50ರ ನಾದ, ಸರಿಯಾಗಿ ಒಂದು ಸಪ್ತಕ ಕೆಳಗೆ. ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣ ಮಾತ್ರ ಕರೆಂಟು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಿಗ್ಗುತ್ತದೆ. ಗಾಳಿಗೆ ಗೊತ್ತಾಗುವುದು ಕಬ್ಬಿಣದ ಹಿಗ್ಗು, ಕಂಡಿಕೆಗೆ ಗೊತ್ತಾಗುವುದು ಅಯಸ್ಕಾಂತದ ಬಲ. ಒಂದೇ ವಸ್ತು, ಎರಡು ಬೇರೆ ನಾದ. ಎರಡಕ್ಕೂ ಗುಂಯ್ ಅಂತ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಕಿವಿಗೆ ಕೇಳುವುದು ಗುಂಯ್, ಕಂಡಿಕೆಯಲ್ಲಿ ಮಾತ್ರ ಕೇಳುವುದು ‘ಮೊರೆತ’ ಅಂತ ಇಟ್ಟುಕೊಳ್ಳಬಹುದೇ? ಈಗ ಮೊರೆತ ಜಾಸ್ತಿ ಕಡಲಿಗೇ ಬಳಕೆ, ಆದರೆ ಹಳಗನ್ನಡದಲ್ಲಿ ದುಂಬಿಗಳೂ ಮೊರೆಯುತ್ತಿದ್ದವು. ಗಿಟಾರಿನವರ ಹಮ್‌ಬಕರ್‌ನಿಂದ ಈ ಹೆಸರನ್ನು ಪರೀಕ್ಷೆ ಮಾಡಿ ನೋಡಿದೆ. 1955ರಲ್ಲಿ ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಮಾಡಿದ್ದು ಅದು. ಎರಡು ಪಿಕಪ್ಪುಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟರೆ ಹೊರಗಿನ ಕರೆಂಟಿನ ಸದ್ದು ಪರಸ್ಪರ ಕಳೆದುಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ. ಕನ್ನಡದಲ್ಲಿ ‘ಮೊರೆತ ಕಳೆಯುವ ಜೋಡಿ ಕಂಡಿಕೆ’. ನನಗಂತೂ ಇದು ಓದಿದ ಕೂಡಲೇ ತಿಳಿಯುತ್ತದೆ.

ಚರ್ಮ ತಂತಿಗೆ ಬರೀ ಸೋಕುವಾಗ ಬರುವ ಝರಝರಕ್ಕೆ ತಂಬೂರಿಯವರ ‘ಜವಾರಿ’ ಇದೆ. ಆದರೆ ನಮ್ಮಲ್ಲಿ ಜವಾರಿ ಅಂದರೆ ನಾಟಿ, ಜವಾರಿ ಕೋಳಿ, ಜವಾರಿ ಬದನೆ. ಕರ್ನಾಟಕ ಸಂಗೀತದವರ ‘ಜೀವಾಳ’ವನ್ನೇ ತೆಗೆದುಕೊಂಡಿದ್ದೇನೆ.

ಇನ್ನು ಮೂರನೆಯದು, ನನಗೆ ಏನೂ ಹೊಳೆಯದೇ ಇರುವುದು. ಎರಡು ಮೋಟರು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗುತ್ತಿವೆ ಅಂದುಕೊಳ್ಳಿ, ಒಂದು 200ರ ನಾದ, ಇನ್ನೊಂದು 203. ಆಗ ಸೆಕೆಂಡಿಗೆ ಮೂರು ಸಲ ನಾದ ಉಬ್ಬಿ ಇಳಿಯುತ್ತದೆ, ವೊಂಯ್ ವೊಂಯ್ ವೊಂಯ್ ಅಂತ. ವೇಗ ಹತ್ತಿರ ಹತ್ತಿರ ತಂದಂತೆ ಅದು ನಿಧಾನವಾಗುತ್ತದೆ, ಒಂದಾದ ಕ್ಷಣ ನಿಲ್ಲುತ್ತದೆ. ತಂಬೂರಿ ಶ್ರುತಿ ಮಾಡುವವರು ದಿನಾ ಕೇಳುವುದು ಇದನ್ನೇ. ನಿಂತಾಗ ‘ಸುರ ಕೂಡಿತು’ ಅನ್ನುತ್ತಾರೆ. ಕೂಡುವ ಮೊದಲಿನ ಆ ಉಬ್ಬಿಳಿತಕ್ಕೆ ಏನನ್ನುತ್ತಾರೆ? ತೊಟ್ಟಿಲ ನೆನಪಿನಲ್ಲಿ ‘ತೂಗಾಟ’ ಅಂತ ಬರೆದು ಹೊಡೆದುಹಾಕಿದ್ದೇನೆ. ತೊಟ್ಟಿಲು ಮೆಲ್ಲಗೆ ತೂಗುತ್ತದೆ ಸರಿ, ಆದರೆ ಈ ನಾದ ಜೋರಾದಾಗ ಎದೆ ಬಡಿತದ ಹಾಗೆ ಇರುತ್ತದೆ.

ತಂಬೂರಿ, ಸಿತಾರ್ ಕಲಿತವರು, ಭಜನಾ ಮೇಳದಲ್ಲಿ ಹಾರ್ಮೋನಿಯಂ ಹಿಡಿಯುವವರು ಇದ್ದರೆ ನಿಮ್ಮ ಗುರುಗಳು ಇದಕ್ಕೆ ಬಳಸುತ್ತಿದ್ದ ಮಾತು ನೆನಪು ಮಾಡಿಕೊಂಡು ಬರೆಯಿರಿ. ಹಾರ್ಮೋನಿಯಂನಲ್ಲಿ ಎರಡು ಸಾಲಿನ ರೀಡುಗಳು ಒಂಚೂರು ಹೆಚ್ಚುಕಮ್ಮಿ ಇದ್ದಾಗ ಇದೇ ಕೇಳುತ್ತದಲ್ಲ, ರಿಪೇರಿ ಮಾಡುವವರ ಬಾಯಲ್ಲಿ ಏನಾದರೂ ಪದ ಇರಲೇಬೇಕು.