ಕೊಠಡಿಯ ಧ್ವನಿ: ಸೂತ್ರ 0.6 ಸೆಕೆಂಡ್ ಅನ್ನುತ್ತದೆ, ತಂತ್ರಾಂಶ ಬೇರೆಯೇ ಹೇಳುತ್ತದೆ

ಪ್ರಶ್ನೆ:
ಪದವಿ ವಿದ್ಯಾರ್ಥಿಗಳಿಗೆ ಧ್ವನಿಶಾಸ್ತ್ರ ಕಲಿಸುತ್ತಿದ್ದೇನೆ. ಧ್ವನಿಕಿರಣಗಳ ಜಾಡು ಹಿಡಿದು ಲೆಕ್ಕ ಹಾಕುವ ಸಿಮ್ಯುಲೇಶನ್ ತಂತ್ರಾಂಶದಲ್ಲಿ 7 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಖಾಲಿ ಕೊಠಡಿಯೊಂದನ್ನು ಕಟ್ಟಿಸಿದೆ. ಎಲ್ಲ ಮೇಲ್ಮೈಗಳ ಹೀರಿಕೆಯ ಗುಣಾಂಕ (ಬಿದ್ದ ಸದ್ದಿನಲ್ಲಿ ಮೇಲ್ಮೈ ಹೀರಿಕೊಳ್ಳುವ ಪಾಲು) 0.03 ಇದ್ದಾಗ ಅನುರಣನೆಯ ಅವಧಿ, ಅಂದರೆ ಮೂಲ ನಿಂತ ಮೇಲೂ ಸದ್ದು ಮೊರೆಯುತ್ತ ಅಡಗಲು ಹಿಡಿಯುವ ಸಮಯ, ಕೊಠಡಿಯ ಗಾತ್ರ ಮತ್ತು ಹೀರಿಕೆಯಿಂದ ಅದನ್ನು ಲೆಕ್ಕ ಹಾಕುವ ಸಬೀನ್ ಸೂತ್ರದಂತೆ ಸುಮಾರು 4 ಸೆಕೆಂಡ್, ಛಾವಣಿಗಷ್ಟೇ 0.7 ಗುಣಾಂಕದ ಹಲಗೆ ಹೊದಿಸಿದರೆ 0.6 ಸೆಕೆಂಡ್. ಆದರೆ ಎರಡನೆಯ ಸ್ಥಿತಿಯಲ್ಲಿ ತಂತ್ರಾಂಶ ಇದರ ಎರಡರಷ್ಟಕ್ಕಿಂತ ಹೆಚ್ಚು ತೋರಿಸಿತು. ‘ಸೂತ್ರ ಹಳೆಯದು, ಬಿಟ್ಟುಬಿಡೋಣ’ ಎಂದು ವಿದ್ಯಾರ್ಥಿಗಳು ತೀರ್ಮಾನಿಸಿದ್ದಾರೆ. ಇದನ್ನು ಹೇಗೆ ವಿವರಿಸಲಿ?

ಉತ್ತರ 1:
ಸೂತ್ರವನ್ನು ಬಿಡಬೇಡಿ, ಈ ವ್ಯತ್ಯಾಸವನ್ನೇ ಪಾಠ ಮಾಡಿ. 1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲವೆಂಬ ದೂರನ್ನು ಪರಿಶೀಲಿಸಲು ಹೊರಟ ಭೌತವಿಜ್ಞಾನಿ ವ್ಯಾಲೇಸ್ ಸಬೀನ್, ಆಸನದ ಮೆತ್ತೆಗಳನ್ನು ಒಳಗೆ ತಂದು ಹಾಕುತ್ತ, ಆರ್ಗನ್ ಕೊಳವೆಯ ಸದ್ದು ಕಿವಿಗೆ ಕೇಳದಂತಾಗುವವರೆಗಿನ ಅವಧಿಯನ್ನು ಅಳೆದು, ಹೀರಿಕೆಗೂ ಅನುರಣನೆಯ ಅವಧಿಗೂ ಇರುವ ಸಂಬಂಧವನ್ನು ಕಂಡುಕೊಂಡರು. ಸದ್ದು ಕೊಠಡಿಯ ತುಂಬ ಸಮನಾಗಿ ಹರಡಿ, ಎಲ್ಲ ದಿಕ್ಕುಗಳಲ್ಲೂ ಒಂದೇ ಪ್ರಮಾಣದಲ್ಲಿ ಹರಿಯುತ್ತದೆಂಬ ಊಹೆ ಆ ಸೂತ್ರದ ತಳಹದಿ. ನಿಮ್ಮ ಕೊಠಡಿಯಲ್ಲಿ ಅದು ಮುರಿದುಬಿದ್ದಿದೆ. ಎದುರುಬದುರು ಗೋಡೆಗಳ ನಡುವೆ ಅಡ್ಡಡ್ಡ ಓಡಾಡುವ ಕಿರಣಗಳು ಛಾವಣಿಯನ್ನು ಮುಟ್ಟುವುದೇ ಅಪರೂಪ. ಹೀಗಾಗಿ ಬೇರೆಲ್ಲ ಸದ್ದು ಅಡಗಿದ ಮೇಲೂ ಅವು ಉಳಿಯುತ್ತವೆ. ಗೋಡೆಗಳ ಚದುರಿಕೆಯ ಗುಣಾಂಕವನ್ನು (ಮರಳುವ ಸದ್ದಿನಲ್ಲಿ ಕನ್ನಡಿಯಂತೆ ಪುಟಿಯದೆ ಬೇರೆ ಬೇರೆ ದಿಕ್ಕಿಗೆ ಚದುರುವ ಪಾಲು) ಹಂತಹಂತವಾಗಿ ಏರಿಸಲು ವಿದ್ಯಾರ್ಥಿಗಳಿಗೇ ಹೇಳಿ, ಉತ್ತರ 0.6ರ ಕಡೆಗೆ ಇಳಿಯುತ್ತ ಬರುತ್ತದೆ. ಒಂದು ಮಾತು: ಗುಂಡಿ ಒತ್ತುವ ಮುನ್ನ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಬರೆದಿಡಲಿ, ಇಲ್ಲದಿದ್ದರೆ ಪರದೆಯ ಬಣ್ಣಗಳನ್ನು ನೋಡಿ ಎಲ್ಲರೂ ಸುಮ್ಮನೆ ತಲೆಯಾಡಿಸುತ್ತಾರೆ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಕಿರಣದ ತಂತ್ರಾಂಶವನ್ನು ತೋರಿಸಿ ‘ಇದೇ ಅಲೆಯ ವರ್ತನೆ’ ಎನ್ನುವುದಕ್ಕೆ ನನ್ನ ತಕರಾರಿದೆ. ನಿಮ್ಮ ಕೊಠಡಿಯಲ್ಲಿ, 0.6 ಸೆಕೆಂಡನ್ನೇ ಹಿಡಿದರೂ, ಸುಮಾರು 150 ಹರ್ಟ್ಸ್‌ಗಿಂತ ಕೆಳಗೆ ಬಿಡಿಬಿಡಿ ಸ್ಥಾಯಿ ತರಂಗಗಳದ್ದೇ (ಗೋಡೆಗಳ ನಡುವೆ ನಿಂತಲ್ಲೇ ಕಂಪಿಸುವ ಅಲೆಗಳದ್ದೇ) ಆಳ್ವಿಕೆ. ಅಲ್ಲಿ ಕಿರಣದ ಲೆಕ್ಕವನ್ನು ನಂಬುವಂತಿಲ್ಲ. ಅಂಥ ಕೊಠಡಿ ನಿಜವಾಗಿಯೂ ಸಿಕ್ಕರೆ, ಮೂಲೆಯಲ್ಲಿ ವೂಫರ್ (ತಗ್ಗು ಸ್ವರಗಳಿಗಾಗಿನ ದೊಡ್ಡ ಸ್ಪೀಕರ್) ಇಟ್ಟು 49 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ (ಸಣ್ಣ ಸ್ಪೀಕರಿನಿಂದ ಇದು ಆಗದು), ವಿದ್ಯಾರ್ಥಿಗಳನ್ನು ಉದ್ದಕ್ಕೂ ನಡೆಸಿ. ಕೊನೆಯ ಗೋಡೆಗಳಿಂದ 1.75 ಮೀಟರ್ ದೂರದ ಆಸುಪಾಸಿನಲ್ಲಿ ಸದ್ದು ಕುಗ್ಗುತ್ತದೆ, ಗೋಡೆಯ ಬಳಿಯೂ ನಡುಮಧ್ಯದಲ್ಲೂ ಗುಮ್ಮೆನ್ನುತ್ತದೆ. ಕುಗ್ಗಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಆಮೇಲೆ ತರಂಗ ಸಮೀಕರಣವನ್ನು (ಸದ್ದು ಅಲೆಯಾಗಿ ಹರಡುವ ಬಗೆಯನ್ನು ಹೇಳುವ ಗಣಿತವನ್ನು) ಬಿಡಿಸುವ ತಂತ್ರಾಂಶದ ಚಿತ್ರವನ್ನು ಪಕ್ಕದಲ್ಲಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎಲ್ಲ ಆವೃತ್ತಿಗಳಿಗೂ ತರಂಗ ಸಮೀಕರಣವನ್ನೇ ಏಕೆ ಬಳಸಬಾರದು?

ಉತ್ತರ 2:
ಕಂಪ್ಯೂಟರ್ ಸುಸ್ತಾಗುತ್ತದೆ! 1000 ಹರ್ಟ್ಸ್‌ನ ತರಂಗದೂರ 34 ಸೆಂಟಿಮೀಟರ್. ಅದನ್ನು ಹತ್ತು ಭಾಗ ಮಾಡಿದರೆ ನಿಮ್ಮ ಕೊಠಡಿಗೆ 25 ಲಕ್ಷಕ್ಕೂ ಹೆಚ್ಚು ಪುಟ್ಟ ಘನಗಳು ಬೇಕು. ಆವೃತ್ತಿ ಎರಡರಷ್ಟಾದರೆ ಘನಗಳು ಎಂಟರಷ್ಟಾಗುತ್ತವೆ, ಕಾಲದ ಹೆಜ್ಜೆಯೂ ಅರ್ಧಕ್ಕಿಳಿಯುವುದರಿಂದ ಒಟ್ಟು ಕೆಲಸ ಹದಿನಾರರಷ್ಟಾಗುತ್ತದೆ. ಪಾಠಕ್ಕೆ 200 ಹರ್ಟ್ಸ್‌ವರೆಗೆ ಸಾಕು. ಅದಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಧಾರಾಳವಾಯಿತು.